ಕೂಲಿ ಎಂದು ಬರೆದದ್ದು

ಕೆಲಸಕ್ಕೆ ಸೇರಿದ ಹೊಸದು. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಕೆಜಿಎಫ್‌ಗೆ ಹೋಗಿ ಬರುತ್ತಿದ್ದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ತಂದೆಯ ಉದ್ಯೋಗ’ದ ಕಲಂ ತುಂಬುವುದು ನನ್ನ ಪಾಲಿಗೆ ಬಂತು. (ತಾಯಿಯ ಉದ್ಯೋಗಕ್ಕೆ ಕಲಮೇ ಇರಲಿಲ್ಲ, ಅದು ಬೇರೆ ಮಾತು.) ಗಣಿ ಕೆಲಸ ಎಂದವರಿಗೆಲ್ಲ ಒಂದೇ ಸಮನೆ ‘ಕೂಲಿ’ ಎಂದು ಬರೆಯುತ್ತಾ ಹೋದೆ. ಒಬ್ಬ ಹುಡುಗಿ ಬಗ್ಗಿ ನೋಡಿ, “ನಮ್ಮಪ್ಪ ಕೂಲಿ ಅಲ್ಲ ಮಿಸ್, ಡ್ರಿಲ್ಲರ್” ಎಂದಳು. ನಾನು ತಿದ್ದಲಿಲ್ಲ. ಸರ್ಕಾರಿ ಪುಸ್ತಕ ಗೀಚಿ ಕೆಡಿಸಬಾರದಲ್ಲ!

ಆ ಮಾತು ಕೊರೆಯುತ್ತಲೇ ಇತ್ತು. ನಿಘಂಟು ತೆಗೆದೆ. 1894ರ ಕಿಟ್ಟೆಲ್ ಕೋಶದಲ್ಲಿ ಕೂಲಿ ಎಂದರೆ ದುಡಿಮೆಗೆ ಸಲ್ಲುವ ಹಣ. ನಮ್ಮ ಅಜ್ಜಿಯರೂ ‘ಕೂಲಿ ಕೊಟ್ಟೆಯಾ?’ ಎಂದೇ ಕೇಳುತ್ತಿದ್ದರು. ಮನುಷ್ಯನಾದರೆ ಕೂಲಿಯವನು, ಕೂಲಿಯಾಳು. ತಮಿಳಿನಲ್ಲೂ ಕೂಲಿ ಸಂಬಳವೇ. ಯೂಲ್ ಮತ್ತು ಬರ್ನೆಲ್ಲರ 1886ರ ‘ಹಾಬ್ಸನ್-ಜಾಬ್ಸನ್’ ಕೋಶ ಈ ತಮಿಳು ಪದವನ್ನು ಹೇಳಿಯೂ, ಪಶ್ಚಿಮ ಭಾರತದ ಕೋಲಿ ಜನರ ಹೆಸರಿನ ಕಡೆಗೇ ವಾಲುತ್ತದೆ. ಪಂಡಿತರ ಜಗಳ ಅವರಿಗಿರಲಿ. ಎಲ್ಲಿಂದಲೇ ಹೋಗಿರಲಿ, ಇಂಗ್ಲಿಷಿನಲ್ಲಿ ಅದು ಆಳಿನ ಹೆಸರಾಯಿತು. 1834ರಿಂದ ಕರಾರಿನ ಮೇಲೆ ಮಾರಿಷಸ್ಸಿಗೆ ಹಡಗು ಹತ್ತಿದವರೂ ಕೂಲಿಗಳು, ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಆರ್ಕಾಟು, ಚಿತ್ತೂರಿನಿಂದ ಇಲ್ಲಿಗೆ ಬಂದವರೂ ಕೂಲಿಗಳು. ಅವರ ಸಾಲುಮನೆ ‘ಕೂಲಿ ಲೈನ್’. ದಕ್ಷಿಣ ಆಫ್ರಿಕದಲ್ಲಂತೂ ಗಾಂಧೀಜಿಯೂ ‘ಕೂಲಿ ಬ್ಯಾರಿಸ್ಟರ್’! ಅಲ್ಲಿ ಭಾರತೀಯರಿಗೆ ಅದು ಇವತ್ತಿಗೂ ಬೈಗುಳ.

2016ರ ರೈಲ್ವೆ ಬಜೆಟ್ಟಿನಲ್ಲಿ ನಿಲ್ದಾಣದ ಕೂಲಿಗಳನ್ನು ಇನ್ನು ‘ಸಹಾಯಕ’ರೆಂದು ಕರೆಯುವುದಾಗಿ ಹೇಳಿದರು. ಒಳ್ಳೆಯದೇ. ಆದರೆ ನಮ್ಮ ಪದಕ್ಕೇನೂ ಕಳಂಕವಿರಲಿಲ್ಲ. ಇಂಗ್ಲಿಷಿನ ಅರ್ಥವನ್ನು ಕನ್ನಡದ ಅಕ್ಷರದಲ್ಲಿ ಬರೆದವಳು ನಾನು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಆ ಕಾವಿನಲ್ಲಿ ಬಂಡೆ ಕೊರೆಯುವವನ ಕಸುಬು ಬೇರೆ, ಕುಸಿಯದಂತೆ ಮರದ ಆಸರೆ ಕೊಡುವವನ ಕಸುಬು ಬೇರೆ. ಎಲ್ಲವನ್ನೂ ಎರಡಕ್ಷರದಲ್ಲಿ ಮುಗಿಸಿದ್ದೆ. ಬಿ.ಎ., ಬಿ.ಎಡ್. ಓದಿ ಕಲಿತದ್ದು ಇಷ್ಟು.

2001ರಲ್ಲಿ ಗಣಿ ಮುಚ್ಚಿತು. ಅಪ್ಪಂದಿರು ಈಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ. ನಾನು ಮಕ್ಕಳನ್ನು ಬಿಡಿಸಿ ಬಿಡಿಸಿ ಕೇಳಿ ಬರೆಯುತ್ತೇನೆ: ಗಾರೆ ಕೆಲಸ, ಪೇಂಟಿಂಗ್, ರಾತ್ರಿ ಕಾವಲು. ಕಲಂ ಸಣ್ಣದು, ಅಕ್ಷರ ಗೆರೆ ದಾಟುತ್ತದೆ ಎಂದು ಗುಮಾಸ್ತರು ಗೊಣಗುತ್ತಾರೆ.