ಕಲಾಕ್ಷೇತ್ರದ ಬಯಲು: ಕಾಸರಗೋಡಿನಿಂದ ಒಂದು ನೋಟ

ಕಾಸರಗೋಡಿನ ಕಡೆಯವಳಾದ ನಾನು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಗ್ಗೆ ಯಾಕೆ ಮಾತಾಡಬೇಕು ಅಂತ ನಿಮಗೆ ಅನ್ನಿಸಬಹುದು. 'ಆಧುನಿಕ ರಂಗಭೂಮಿ' ಓದುವಾಗ ಕಲಾಕ್ಷೇತ್ರದ ಹೆಸರು ಪದೇಪದೇ ಎದುರಾಗುತ್ತದೆ. ನಮ್ಮ ಕುಂಬಳೆಯ ಹೆಸರು ಬರುವುದು 'ಪರಂಪರೆ' ಎಂಬ ಬೇರೆ ಅಧ್ಯಾಯದಲ್ಲಿ. ಈ ವಿಂಗಡಣೆ ಸರಿಯೇ ಎಂಬುದು ನನ್ನ ಪ್ರಶ್ನೆ.

ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ಕಲಾಕ್ಷೇತ್ರ ಆರಂಭವಾದದ್ದು 1963ರಲ್ಲಿ. ಚೌಕಟ್ಟಿನ ರಂಗ, ಎದುರಿಗೆ ಸಾಲು ಕುರ್ಚಿಗಳು. ಆದರೆ ಅದರ ಚರಿತ್ರೆಯ ತಿರುವು ಎಂದು ವಿಮರ್ಶಕರು ಗುರುತಿಸುವುದು 1972ನ್ನು. ಆ ವರ್ಷ ಬಿ.ವಿ. ಕಾರಂತರು ಲಂಕೇಶರ ಅನುವಾದದ 'ಈಡಿಪಸ್', ಲಂಕೇಶರದೇ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ' ಮೂರನ್ನೂ ಆಡಿಸಿದ್ದು ಮಂದಿರದ ಹೊರಗೆ, ಆವರಣದ ಬಯಲಿನಲ್ಲಿ.

ಅದನ್ನು ನಾವು 'ಪ್ರಯೋಗ' ಅಂತೇವೆ. ನಮ್ಮಲ್ಲಿ ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಹಾಕಿ ಬೆಳಗಿನವರೆಗೆ ನಡೆಯುವ ಹರಕೆಯಾಟವನ್ನು ಯಾರೂ ಹಾಗೆ ಕರೆಯುವುದಿಲ್ಲ. "ಆಟ ಬಯಲಲ್ಲಿ ಅಲ್ಲದೆ ಮತ್ತೆಲ್ಲಿ?" ಅಂತ ಅಜ್ಜಿ ಕೇಳ್ತಾರೆ. ಪಾರ್ತಿಸುಬ್ಬನ ಪ್ರಸಂಗಗಳು ಬಾಳಿ ಬಂದದ್ದೂ ಬಯಲಲ್ಲೇ. ಹಾಗಾದರೆ, ಬಯಲು ನಗರಕ್ಕೆ ಬಂದಾಗ ಮಾತ್ರ ಚರಿತ್ರೆಯಾಯಿತೇ?

ಇಷ್ಟು ಕೇಳಿ ಸುಮ್ಮನಾದರೆ ಆ ನಾಟಕಗಳಿಗೆ ಅನ್ಯಾಯವಾಗುತ್ತದೆ. 'ಈಡಿಪಸ್' ಗ್ರೀಕ್ ದುರಂತ, 'ಸಂಕ್ರಾಂತಿ' ಹನ್ನೆರಡನೇ ಶತಮಾನದ ಕಲ್ಯಾಣದ ಬಿಕ್ಕಟ್ಟು. 'ಜೋಕುಮಾರಸ್ವಾಮಿ'ಯ ಬೇರು ಉತ್ತರ ಕರ್ನಾಟಕದ ಬಯಲಾಟದಲ್ಲಿದೆ. ನಮ್ಮ ಆಟವನ್ನು ಯಾರೂ ಎತ್ತಿಕೊಂಡು ಹೋಗಿಲ್ಲ. ಕಂಬಾರರು ಫಲವಂತಿಕೆಯ ಆಚರಣೆಯೊಳಗೆ ಭೂಮಿ ಯಾರದು ಎಂಬ ಪ್ರಶ್ನೆಯನ್ನಿಟ್ಟರು. ಗೌಡನಿಗೆಂದು ಗೌಡ್ತಿ ಮಾಡಿದ ಪಡವಲಕಾಯಿ ಪಲ್ಯವನ್ನು ಬಸಣ್ಣ ಉಣ್ಣುವಲ್ಲಿ ಹೊಲದ ಮೇಲಿನ, ಹೆಣ್ಣಿನ ಮೇಲಿನ ಗೌಡನ ಒಡೆತನ ಎರಡೂ ಅಲುಗುತ್ತವೆ. ಹರಕೆಯಾಟದಲ್ಲಿ, ಆಟ ಆಡಿಸುವ ಯಜಮಾನನ ಗದ್ದೆಯಲ್ಲೇ ನಿಂತು ಈ ಪ್ರಶ್ನೆ ಕೇಳುವುದು ಸುಲಭವಲ್ಲ. ನಗರದ ಬಯಲಿಗೆ ಆ ಹಂಗಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವೇ ಆಯಿತು.

ಆದ್ದರಿಂದ ನಾನು ಹೇಳುವುದಿಷ್ಟು. ಕಲಾಕ್ಷೇತ್ರದ ಚರಿತ್ರೆಯನ್ನು ಬಯಲಿನಿಂದ ಬರೆಯಲು ತೊಡಗಿದರೆ ಕುಂಬಳೆ, ಬೆಂಗಳೂರು ಒಂದೇ ಅಧ್ಯಾಯಕ್ಕೆ ಬರ್ತವೆ. ಯಾವ ಬಯಲು ಏನನ್ನು ಆಡಗೊಟ್ಟಿತು, ಏನನ್ನು ತಡೆಯಿತು ಅಂತ ಹೋಲಿಸಿ ನೋಡಬಹುದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆ ಗೆರೆಯನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ನಮ್ಮ ಪಠ್ಯದಲ್ಲೂ ಎಳೆಯಬೇಕಾಗಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.