ಅಜ್ಜಿಗೆ ಸಿಕ್ಕ ದನಿ, ತಾಯಿಗೆ ಸಿಗದ ಪುಟ

ಬರಾಕ್ ಒಬಾಮಾ ಅವರ ‘ಡ್ರೀಮ್ಸ್ ಫ್ರಮ್ ಮೈ ಫಾದರ್’ (1995) ಕೃತಿಯ ಕೀನ್ಯಾ ಭಾಗವನ್ನು ಮೆಚ್ಚದ ವಿಮರ್ಶಕರು ವಿರಳ. ಮೆಚ್ಚುಗೆಗೆ ಕಾರಣವಿದೆ. ಅಲ್ಲಿ ಅಜ್ಜಿ ಸಾರಾ ಮನೆತನದ ಕಥೆ ಹೇಳಲು ಕೂರುತ್ತಾರೆ: ಹಿರೀಕರ ಹೆಸರುಗಳು, ಬಿಳಿಯರ ಮನೆಗಳಲ್ಲಿ ಅಡುಗೆ ಮಾಡಿದ ಸಿಡುಕಿನ ತಾತ ಒನ್ಯಾಂಗೊ, ಅವನ ಹಿಂಸೆ ತಾಳದೆ ಓಡಿಹೋದ ಹೆತ್ತಜ್ಜಿ ಅಕುಮು, ಅಮ್ಮನನ್ನು ಹುಡುಕಿಕೊಂಡು ನಡೆದೇ ಹೊರಟ ಮಕ್ಕಳು. ಪುಟಗಟ್ಟಲೆ ‘ನಾನು’ ಎಂದರೆ ಅಜ್ಜಿಯೇ.

ಒಬಾಮಾ ಅವರಿಗೆ ಲುವೊ ಭಾಷೆ ಬರದು. ತರ್ಜುಮೆ ಮಾಡುವವರು ಅಕ್ಕ ಔಮಾ. ಆದರೆ ಇಬ್ಬರ ಬಾಯಿ ದಾಟಿ ಬಂದ ಮಾತಿನ ತಡವರಿಕೆ ಆ ನಿರೂಪಣೆಯಲ್ಲಿ ಕಾಣುವುದಿಲ್ಲ. ಅದು ಒಂದೇ ಉಸಿರಿನಲ್ಲಿ ಹರಿಯುತ್ತದೆ. ಇದನ್ನು ಮೋಸವೆನ್ನಲಾರೆ. ತನಗೆ ತಿಳಿಯದ ಭಾಷೆಯವರಿಗೂ ತುಂಬು ದನಿ ಕೊಡುವುದು ದೊಡ್ಡ ಕಸುಬು. ತಾಯಿಯ ಹತ್ತಿರ ಬಂದಾಗ ಆ ಕಸುಬು ಎಲ್ಲಿ ಹೋಯಿತು ಎಂಬುದೇ ನನ್ನ ತಕರಾರು.

1971ರಲ್ಲಿ ಹೊನೊಲುಲುವಿಗೆ ಒಂದು ತಿಂಗಳ ಮಟ್ಟಿಗೆ ಬಂದುಹೋದ ತಂದೆಗೆ ಇಡೀ ಅಧ್ಯಾಯವಿದೆ. ಜಕಾರ್ತಾದಲ್ಲಿ ನಸುಕಿಗೇ ಮಗನನ್ನು ಎಬ್ಬಿಸಿ ಇಂಗ್ಲಿಷ್ ಪಾಠ ಹೇಳಿದ ತಾಯಿ ಆನ್ ಡನ್‌ಹ್ಯಾಮ್ ಮಾನವಶಾಸ್ತ್ರಜ್ಞೆ. ಜಾವಾದ ಕಮ್ಮಾರರ ಬದುಕಿನ ಬಗ್ಗೆ ಸಾವಿರ ಪುಟ ಮೀರಿದ ಪ್ರಬಂಧ ಬರೆದು 1992ರಲ್ಲಿ ಡಾಕ್ಟರೇಟ್ ಪಡೆದವರು. ಆ ದುಡಿಮೆಗೆ ಇಲ್ಲಿ ಅಧ್ಯಾಯವಿಲ್ಲ. ನ್ಯೂಯಾರ್ಕಿನಲ್ಲಿ ಮಗನೊಂದಿಗೆ ‘ಬ್ಲ್ಯಾಕ್ ಆರ್ಫಿಯಸ್’ ಸಿನಿಮಾ ನೋಡುವ ಪ್ರಸಂಗದ ಆಸುಪಾಸಿನಲ್ಲಿ ಅವರು ಮನಬಿಚ್ಚಿ ಮಾತಾಡುತ್ತಾರೆ, ನಿಜ. ಆದರೆ ಅಲ್ಲಿ ಅವರು ಹೇಳುವುದೂ ಅಪ್ಪನ ಕಥೆಯನ್ನೇ: ವಿಶ್ವವಿದ್ಯಾಲಯದ ಗ್ರಂಥಾಲಯದ ಹೊರಗೆ ಕಾಯಿಸಿ, ತಡವಾಗಿ ಬಂದ ಪ್ರೇಮಿಯ ಕಥೆ. ಕಾದು ಕುಳಿತ ಹುಡುಗಿಗೆ ಏನನ್ನಿಸಿತು ಎಂದು ಮಗ ಕೆದಕುವುದಿಲ್ಲ.

ಡೇವಿಡ್ ಮರಾನಿಸ್ 2012ರಲ್ಲಿ ಬರೆದ ಒಬಾಮಾ ಜೀವನಚರಿತ್ರೆಯನ್ನು ಹಿಡಿದು, ಈ ಕೃತಿಯಲ್ಲಿ ಬರುವ ನ್ಯೂಯಾರ್ಕಿನ ಗೆಳತಿ ಒಬ್ಬಳಲ್ಲ, ಹಲವರ ಬೆರಕೆ ಎಂದು ಗದ್ದಲ ಎಬ್ಬಿಸಿದವರ ಬಗ್ಗೆ ನನಗೆ ಬೇಸರವಿದೆ. ಬೆರಕೆ ಪಾತ್ರಗಳಿವೆ ಎಂದು ಒಬಾಮಾ ಪೀಠಿಕೆಯಲ್ಲೇ ಹೇಳಿದ್ದರು. ಹೆಸರು ಮರೆಸಿದ ಗೆಳತಿಯರ ಲೆಕ್ಕ ಕೇಳಿದವರು, ಹೆಸರಿದ್ದೂ ಮರೆಯಾದ ತಾಯಿಯ ಬಗ್ಗೆ ಏಕೆ ಕೇಳಲಿಲ್ಲ?

ತಾಯಿ ಬದುಕುವುದಿಲ್ಲವೆಂದು ಗೊತ್ತಿದ್ದರೆ ಬೇರೆಯದೇ ಪುಸ್ತಕ ಬರೆಯುತ್ತಿದ್ದೆನೇನೋ ಎಂದು 2004ರ ಮರುಮುದ್ರಣದ ಮುನ್ನುಡಿಯಲ್ಲಿ ಒಬಾಮಾ ಹೇಳುತ್ತಾರೆ. ಓದುಗರು ಇದಕ್ಕೆ ಕರಗಿದ್ದಾರೆ. ನಾನು ಒಪ್ಪಲಾರೆ. ತಾಯಿ ತೀರಿಕೊಂಡದ್ದು 1995ರ ನವೆಂಬರಿನಲ್ಲಿ, ಪುಸ್ತಕ ಹೊರಬಂದ ಮೇಲೆ. ಕರಡನ್ನು ಅವರು ಓದಿದ್ದರು, ತಪ್ಪುಗಳನ್ನು ತಿದ್ದಿದ್ದರು, ತಂದೆಯ ಪರ ವಾದಿಸಿದ್ದರು, ತನ್ನ ಚಿತ್ರಣದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ ಎಂದು ಅದೇ ಮುನ್ನುಡಿ ತಿಳಿಸುತ್ತದೆ. ಹಾಗಿದ್ದ ಮೇಲೆ ಈ ಕೊರತೆಗೆ ಸಾವನ್ನು ಕಾರಣ ಮಾಡುವುದು ಸರಿಯಲ್ಲ.