ಆರು ತಿಂಗಳ ಚೀಟಿ: ಸಾಲು ಸಾಲಿಗೆ ವ್ಯಾಖ್ಯಾನ

ಔಷಧಕ್ಕೆ ಬಗ್ಗದ ಕ್ಷಯ ಅಂದರೆ ಇತ್ತೀಚಿನವರೆಗೂ ಒಂಬತ್ತರಿಂದ ಇಪ್ಪತ್ತು ತಿಂಗಳ ಚಿಕಿತ್ಸೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನಾಲ್ಕು ಔಷಧಗಳ, ಆರು ತಿಂಗಳ ಹೊಸ ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಬಿಪಾಲ್-ಎಂ ಎಂದು ಅದರ ಹೆಸರು. ಚುಚ್ಚುಮದ್ದಿಲ್ಲ, ಬರೀ ಮಾತ್ರೆ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಯ ಕನ್ನಡಿಗರಿಗೆ ಈ ಸುದ್ದಿ ದೂರದ್ದಲ್ಲ. ಹೋಟೆಲಿನ ಅಡುಗೆಮನೆ, ಹತ್ತು ಜನ ಮಲಗುವ ಖೋಲಿ, ಉಸಿರಾಡಲು ಜಾಗವಿಲ್ಲದ ಬೆಳಗಿನ ಲೋಕಲ್ – ಕ್ಷಯ ಹರಡುವುದು ಇಂಥ ಗಾಳಿಯಲ್ಲಿ. ನಮ್ಮವರಲ್ಲಿ ಬಹಳಷ್ಟು ಮಂದಿ ಬದುಕುವುದೂ ಅಲ್ಲಿಯೇ.

ಕೆಳಗಿನ ಚೀಟಿಯ ಸಾಲುಗಳನ್ನು ಬರೆದವನು ನಾನು. ಒಳಗಿನ ಸಂಗತಿ ಚಿಕಿತ್ಸಾ ಕ್ರಮದ್ದು. ಪ್ರಮಾಣ ಕೊಟ್ಟಿರುವುದು ತಿಳಿಯಲೆಂದು. ಯಾರಿಗೆ ಯಾವುದು, ಎಷ್ಟು ಎಂದು ತೀರ್ಮಾನಿಸುವವರು ವೈದ್ಯರೇ.

1. ಕಫ ಪರೀಕ್ಷೆ: ಕ್ಷಯ ಇದೆ. ರಿಫಾಂಪಿಸಿನ್‌ಗೆ ಬಗ್ಗುವುದಿಲ್ಲ.

ಈ ಸಾಲಿನಲ್ಲಿ ಎರಡು ಸುದ್ದಿಗಳಿವೆ, ಎರಡನೆಯದೇ ಮುಖ್ಯ. ಸಾಮಾನ್ಯ ಕ್ಷಯದ ಚಿಕಿತ್ಸೆ ನಿಂತಿರುವುದು ರಿಫಾಂಪಿಸಿನ್ ಮೇಲೆ. ಅದಕ್ಕೆ ರೋಗಾಣು ಬಗ್ಗದಿದ್ದರೆ ಮಾಮೂಲಿ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ರೋಗ ಬೆಳೆಯುತ್ತಲೇ ಇರುತ್ತದೆ, ಮನೆಮಂದಿಗೂ ಹರಡುತ್ತದೆ. ಹಿಂದೆ ಇದು ಗೊತ್ತಾಗಲು ಕಫವನ್ನು ವಾರಗಟ್ಟಲೆ ಪ್ರಯೋಗಾಲಯದಲ್ಲಿ ಬೆಳೆಸಬೇಕಿತ್ತು. ಈಗ ರೋಗಾಣುವಿನ ವಂಶವಾಹಿಯನ್ನೇ ಓದುವ ಯಂತ್ರಗಳು ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಅವುಗಳಲ್ಲೊಂದಾದ ಟ್ರೂನ್ಯಾಟ್ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ತಯಾರಾಗುವುದು ಗೋವಾದ ಮೋಲ್‌ಬಯೋದಲ್ಲಿ. ಬ್ಯಾಟರಿಯಲ್ಲೂ ನಡೆಯುವ ಈ ಪುಟ್ಟ ಯಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಪ್ಪಿತು.

ಆದ್ದರಿಂದ ಎಕ್ಸ್‌ರೇ ಒಂದನ್ನೇ ನೋಡಿ ಯಾರಾದರೂ ಮಾತ್ರೆ ಬರೆದುಕೊಟ್ಟರೆ, "ಡಾಕ್ಟರೇ, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಬೇಕು. ಅದರಲ್ಲಿ ಉದ್ಧಟತನವಿಲ್ಲ.

"ನಾನು ಮಾತ್ರೆ ತಪ್ಪಿಸಿದವನೇ ಅಲ್ಲ, ನನಗೆ ಹೇಗೆ ಬಂತು?" ಎಂದು ಕೇಳುವವರಿದ್ದಾರೆ. ಬಗ್ಗದ ರೋಗಾಣು ಇನ್ನೊಬ್ಬರ ಕೆಮ್ಮಿನಿಂದ ನೇರವಾಗಿಯೂ ಬರುತ್ತದೆ. ಅದು ರೋಗಿಯ ತಪ್ಪಲ್ಲ.

2. ಬೆಡಾಕ್ವಿಲಿನ್: ಎರಡು ವಾರ ದಿನವೂ 400 ಮಿ.ಗ್ರಾಂ, ಆಮೇಲೆ ವಾರಕ್ಕೆ ಮೂರು ದಿನ 200 ಮಿ.ಗ್ರಾಂ. ಊಟದ ಜೊತೆ.

ರೋಗಾಣು ತನಗೆ ಬೇಕಾದ ಶಕ್ತಿ ತಯಾರಿಸಿಕೊಳ್ಳುವ ಕಿಣ್ವವನ್ನೇ ಬೆಡಾಕ್ವಿಲಿನ್ ನಿಲ್ಲಿಸುತ್ತದೆ. ಹೋಟೆಲಿನ ಗ್ಯಾಸ್ ಪೈಪನ್ನೇ ಮುಚ್ಚಿದ ಹಾಗೆ. ಮೈಯಲ್ಲಿ ಇದು ತಿಂಗಳುಗಟ್ಟಲೆ ಉಳಿಯುವುದರಿಂದ ಎರಡು ವಾರ ತುಂಬಿಸಿ, ಆಮೇಲೆ ವಾರಕ್ಕೆ ಮೂರೇ ದಿನ ಕೊಟ್ಟರೆ ಸಾಕು. ಹೊಟ್ಟೆಯಲ್ಲಿ ಊಟವಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. "ಊಟದ ಜೊತೆ" ಎಂಬುದನ್ನು ಶಿಷ್ಟಾಚಾರದ ಮಾತೆಂದು ಬಿಡಬಾರದು. ಬರೀ ಚಹಾ ಕುಡಿದು ನುಂಗಿದರೆ ಔಷಧದ ಒಂದು ಪಾಲು ವ್ಯರ್ಥ.

ಈ ಮಾತ್ರೆ ಬಡವರ ಕೈಗೆ ಬಂದ ಬಗೆಯನ್ನು ಎಲ್ಲರೂ ತಿಳಿದಿರಬೇಕು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2012ರ ಡಿಸೆಂಬರಿನಲ್ಲಿ. ಭಾರತದಲ್ಲಿ 2016ರಲ್ಲಿ ಬೆರಳೆಣಿಕೆಯ ಕೇಂದ್ರಗಳಲ್ಲಷ್ಟೇ ಕೊಡತೊಡಗಿದರು. ಪಟ್ನಾದ ಒಬ್ಬ ಹುಡುಗಿಗೆ, ದೆಹಲಿಯ ನಿವಾಸಿಯಲ್ಲ ಎಂಬ ಕಾರಣಕ್ಕೆ, ದೆಹಲಿಯಲ್ಲಿ ಔಷಧ ಸಿಗಲಿಲ್ಲ. ತಂದೆ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2017ರ ಜನವರಿಯಲ್ಲಿ, ಸರ್ಕಾರ ಕೊಡಲು ಒಪ್ಪಿತು. ಊರು ಬಿಟ್ಟು ಬಂದು ದುಡಿಯುವ ಪ್ರತಿಯೊಬ್ಬರಿಗೂ ಸೇರಿದ ಪ್ರಕರಣ ಅದು. ವಿಳಾಸದ ಕಾಗದ ಎಲ್ಲಿಯದು ಎಂಬುದರ ಮೇಲೆ ಯಾರ ಜೀವವೂ ನಿಲ್ಲಬಾರದು.

ಆಮೇಲೆ ಪೇಟೆಂಟಿನ ಜಗಳ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ತನ್ನ ಏಕಸ್ವಾಮ್ಯವನ್ನು ಇನ್ನೂ ನಾಲ್ಕು ವರ್ಷ ಎಳೆಯುವಂಥ ಇನ್ನೊಂದು ಅರ್ಜಿ ಹಾಕಿತ್ತು. ಅದನ್ನು ವಿರೋಧಿಸಿದವರು ಮುಂಬಯಿಯ ಪತ್ರಕರ್ತೆ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯವನ್ನು ಗೆದ್ದವರು. ಇಬ್ಬರೂ ಹಳೆಯ ಚುಚ್ಚುಮದ್ದಿನ ವಿಷದಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಜುಲೈಯಲ್ಲಿ ಮೂಲ ಪೇಟೆಂಟೂ ಮುಗಿದು, ನಮ್ಮ ಕಂಪನಿಗಳು ಈ ಮಾತ್ರೆ ತಯಾರಿಸಲು ದಾರಿ ತೆರೆಯಿತು. ತಮಗೆ ಸಿಗದೆ ಹೋದ ಔಷಧ ಮುಂದಿನವರಿಗೆ ಸಿಗಲಿ ಎಂದು ಹೋರಾಡಿದ ಈ ಇಬ್ಬರಿಗೆ ನಾವು ಕೃತಜ್ಞರಾಗಿರಬೇಕು.

3. ಪ್ರೆಟೊಮ್ಯಾನಿಡ್: ದಿನವೂ 200 ಮಿ.ಗ್ರಾಂ.

ಲಾಭಕ್ಕಾಗಿ ನಡೆಯದ ಟಿ.ಬಿ. ಅಲಯನ್ಸ್ ಎಂಬ ಸಂಸ್ಥೆ ಬೆಳೆಸಿದ ಔಷಧ. 2019ರಲ್ಲಿ ಮೊದಲ ಒಪ್ಪಿಗೆ. ಇದನ್ನೂ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಯಕೃತ್ತಿನ ಮೇಲೆ ಭಾರ ಬೀಳುವುದರಿಂದ ಕುಡಿತ ಪೂರ್ತಿ ಬಿಡಬೇಕು. ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಹದಿನಾಲ್ಕು ತುಂಬದ ಮಕ್ಕಳಿಗೆ ಈ ಕ್ರಮವಿಲ್ಲ. ಅವರಿಗೆ ಬೇರೆ ಔಷಧಗಳಿವೆ.

4. ಲಿನೆಜೋಲಿಡ್: ದಿನವೂ 600 ಮಿ.ಗ್ರಾಂ. ಕಣ್ಣು, ಪಾದ, ರಕ್ತ ನೋಡುತ್ತಿರಬೇಕು.

ನಾಲ್ಕರಲ್ಲಿ ಹೆಚ್ಚು ಕಾಡುವುದು ಇದು. ಮೊದಲ ಪ್ರಯೋಗಗಳಲ್ಲಿ ದಿನಕ್ಕೆ 1200 ಮಿ.ಗ್ರಾಂ ಕೊಟ್ಟಾಗ ಬಹಳ ಜನರ ನರಗಳಿಗೆ ಪೆಟ್ಟು ಬಿತ್ತು. ಅರ್ಧಕ್ಕಿಳಿಸಿದರೂ ಗುಣ ಕಡಿಮೆಯಾಗಲಿಲ್ಲ ಎಂದು ಮುಂದಿನ ಪ್ರಯೋಗ ತೋರಿಸಿತು. ಅಂಗಾಲು ಜುಮ್ಮೆನ್ನುವುದು, ಉರಿಯುವುದು. ಬಣ್ಣ ಮಸುಕಾಗಿ ಕಾಣುವುದು. ಮೆಟ್ಟಿಲೇರಿದರೆ ಏದುಸಿರು, ಮುಖ ಬಿಳಿಚುವುದು – ಇವು ಎಚ್ಚರಿಕೆಯ ಲಕ್ಷಣಗಳು. ದಿನವಿಡೀ ನಿಂತೇ ಕೆಲಸ ಮಾಡುವ ಮಾಣಿ ಕಾಲು ಉರಿದರೆ "ನಿಂತು ನಿಂತು ಹಾಗಾಯ್ತು" ಎಂದುಕೊಳ್ಳುವುದು ಸಹಜ. ಈ ಮಾತ್ರೆ ತೆಗೆದುಕೊಳ್ಳುವಾಗ ಹಾಗೆ ಅಂದುಕೊಳ್ಳುವಂತಿಲ್ಲ. ಹೇಳಿದರೆ ವೈದ್ಯರು ಪ್ರಮಾಣ ಇಳಿಸಬಹುದು, ನಿಲ್ಲಿಸಲೂಬಹುದು. ಹೇಳದೆ ತಾನೇ ನಿಲ್ಲಿಸುವುದು ಅಪಾಯ. ಮನಸ್ಸಿನ ಖಿನ್ನತೆಗೆ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಮೊದಲೇ ತಿಳಿಸಬೇಕು, ಎರಡಕ್ಕೂ ಹೊಂದುವುದಿಲ್ಲ.

5. ಮಾಕ್ಸಿಫ್ಲಾಕ್ಸಸಿನ್: ದಿನವೂ 400 ಮಿ.ಗ್ರಾಂ. ಇಸಿಜಿ.

ಇದೂ ಬೆಡಾಕ್ವಿಲಿನ್ನೂ ಹೃದಯದ ವಿದ್ಯುತ್ ಲಯವನ್ನು ತುಸು ಎಳೆಯುತ್ತವೆ. ಅದಕ್ಕೇ ಮತ್ತೆ ಮತ್ತೆ ಇಸಿಜಿ. ಎದೆನೋವಿಲ್ಲವೆಂದು ಅದನ್ನು ತಪ್ಪಿಸಬಾರದು. ಆ್ಯಸಿಡಿಟಿಯ ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳನ್ನು ಇದರ ಜೊತೆಗೇ ನುಂಗಿದರೆ ಔಷಧ ಮೈಗೆ ಹತ್ತುವುದಿಲ್ಲ, ನಡುವೆ ಕೆಲವು ಗಂಟೆ ಬಿಡಬೇಕು.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಗುಂಪಿನ ಔಷಧಗಳನ್ನು ನೆಗಡಿ, ಜ್ವರ, ಭೇದಿಗೆಲ್ಲ ಬೀದಿಬದಿಯ ಮೆಡಿಕಲ್‌ಗಳಿಂದ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅದರಿಂದ ಕ್ಷಯದ ಕೆಮ್ಮು ಕೆಲವು ದಿನ ತಗ್ಗಿ ರೋಗ ಮರೆಯಾಗುತ್ತದೆ. ಒಳಗೆ ರೋಗಾಣು ಈ ಔಷಧಕ್ಕೂ ಬಗ್ಗದಂತಾಗುತ್ತದೆ. ಆಗ ಈ ಐದನೆಯ ಸಾಲನ್ನೇ ಹೊಡೆದುಹಾಕಿ, ಉಳಿದ ಮೂರರಲ್ಲೇ ಚಿಕಿತ್ಸೆ ಮಾಡಬೇಕಾಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಬೇಕಾದ್ದು ಕಫ ಪರೀಕ್ಷೆ, ಇನ್ನೊಂದು ಪಟ್ಟಿ ಆ್ಯಂಟಿಬಯೋಟಿಕ್ ಅಲ್ಲ.

6. ಅವಧಿ: 26 ವಾರ.

ಬೆಲಾರಸ್, ಉಜ್ಬೇಕಿಸ್ತಾನ್, ದಕ್ಷಿಣ ಆಫ್ರಿಕಗಳಲ್ಲಿ ನಡೆದ ಪ್ರಯೋಗದ ಫಲ 2022ರಲ್ಲಿ ಪ್ರಕಟವಾಯಿತು: ಈ ಕ್ರಮದಲ್ಲಿ ನೂರಕ್ಕೆ 89 ಮಂದಿಗೆ ಒಳ್ಳೆಯದಾಯಿತು, ಹಳೆಯ ಕ್ರಮಗಳಲ್ಲಿ 52 ಮಂದಿಗೆ. ಇಷ್ಟು ದೊಡ್ಡ ಅಂತರ ವೈದ್ಯಶಾಸ್ತ್ರದಲ್ಲಿ ಅಪರೂಪ. ಕೆಲವರಿಗೆ ಅವಧಿಯನ್ನು 39 ವಾರಕ್ಕೆ ಬೆಳೆಸುವುದೂ ಉಂಟು.

ಕಷ್ಟ ಬರುವುದು ಎರಡನೆಯ ತಿಂಗಳಿನಲ್ಲಿ. ಜ್ವರ ಬಿಟ್ಟಿರುತ್ತದೆ, ಕೆಮ್ಮು ನಿಂತಿರುತ್ತದೆ, ಹಸಿವು ಮರಳಿರುತ್ತದೆ. ಊರಿನ ಗಾಳಿ, ಮನೆಯ ಗಂಜಿ ಸಾಕು ಅನ್ನಿಸುತ್ತದೆ. ಊರಿಗೆ ಹೋಗುವುದು ತಪ್ಪಲ್ಲ, ಹೇಳದೆ ಹೋಗುವುದು ತಪ್ಪು. ಸರ್ಕಾರ ಕ್ಷಯರೋಗಿಗಳ ದಾಖಲೆ ಇಡುವ ನಿಕ್ಷಯ್ ಪೋರ್ಟಲಿನಲ್ಲಿ ಪ್ರತಿ ರೋಗಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಡೊಂಬಿವಲಿಯ ಕೇಂದ್ರದಲ್ಲಿ ತಿಳಿಸಿದರೆ ಕಡತ ಕುಂದಾಪುರಕ್ಕೋ ಕಲಬುರಗಿಗೋ ವರ್ಗವಾಗುತ್ತದೆ, ಮಾತ್ರೆ ಅಲ್ಲೇ ಸಿಗುತ್ತದೆ, ಪುಕ್ಕಟೆಯಾಗಿ.

7. ತಿಂಗಳಿಗೊಮ್ಮೆ ತೂಕ. ಪೋಷಣೆಗೆ ತಿಂಗಳಿಗೆ 1000 ರೂಪಾಯಿ, ಬ್ಯಾಂಕ್ ಖಾತೆಗೆ.

ಹಣಕಾಸಿನ ಸಾಲಿನಂತೆ ಕಂಡರೂ ಇದು ಔಷಧದ ಸಾಲೇ. ಹಾಗೆ ಹೇಳಲು ಬಲ ಕೊಟ್ಟವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಝಾರ್ಖಂಡದಲ್ಲಿ 2,800 ರೋಗಿಗಳಿಗೆ ಆಹಾರದ ಬುಟ್ಟಿ ಕೊಟ್ಟು, ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಅವರ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಗಳಲ್ಲಿ ಬಂತು. ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಬಹಳ ಇಳಿಯಿತು. ಅಕ್ಕಿ, ಬೇಳೆ ಇಷ್ಟು ಕೆಲಸ ಮಾಡುತ್ತವೆ ಎಂದು ಅಳತೆ ಹಾಕಿ ತೋರಿಸಿದ್ದು ಕರಾವಳಿಯ ಕಾಲೇಜೊಂದರ ವೈದ್ಯರು ಎಂಬುದು ನನಗೆ ಹೆಮ್ಮೆ.

ಪೋಷಣೆಗೆಂದು ಸರ್ಕಾರ ಕೊಡುವ ಈ ಹಣ 2018ರಲ್ಲಿ 500 ರೂಪಾಯಿ ಇತ್ತು; 2024ರ ನವೆಂಬರಿನಿಂದ 1000. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ಸಲ್ಲುತ್ತದೆ; ಆದರೆ ಆ ವೈದ್ಯರು ರೋಗಿಯ ಹೆಸರನ್ನು ಸರ್ಕಾರಕ್ಕೆ ತಿಳಿಸಿರಬೇಕು. ತಿಳಿಸುವುದು 2012ರಿಂದಲೇ ಕಡ್ಡಾಯ. ಆದರೂ ಕಲ್ಯಾಣದಲ್ಲಿ ಸಾವಿರ ರೂಪಾಯಿಗೆ ತಿಂಗಳಿಡೀ ಮೊಟ್ಟೆ, ಹಾಲು, ಬೇಳೆ ಬರುತ್ತದೆಯೇ? ಬರುವುದಿಲ್ಲ. ಇದು ನೆರವು, ಕೂಲಿ ಅಲ್ಲ. ದಿನಗೂಲಿಯವನ ಮನೆಯಲ್ಲಿ ಆರು ತಿಂಗಳ ಆದಾಯ ಯಾರು ತುಂಬಬೇಕು ಎಂಬ ಪ್ರಶ್ನೆಗೆ ನೀತಿ ಇನ್ನೂ ಉತ್ತರಿಸಿಲ್ಲ.

8. ಮನೆಯವರೆಲ್ಲರ ತಪಾಸಣೆ.

ಚೀಟಿಯಲ್ಲಿ "ಮನೆಯವರು" ಅಂದರೆ ಹೆಂಡತಿ, ಮಕ್ಕಳು. ಹೋಟೆಲಿನ ಹುಡುಗನಿಗೆ ಮನೆಯವರು ಊರಲ್ಲಿದ್ದಾರೆ. ಇಲ್ಲಿ ಪಕ್ಕದಲ್ಲಿ ಮಲಗುವವರು ಜೊತೆ ಕೆಲಸಗಾರರು. ನವಿಮುಂಬಯಿಯ ಕಟ್ಟಡಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಕೂಲಿಕಾರನಿಗೆ ಪಕ್ಕದ ಶೆಡ್ಡಿನವರೇ ಮನೆಯವರು. ಅವರೆಲ್ಲರ ಕಫ, ಎಕ್ಸ್‌ರೇ ಆಗದಿದ್ದರೆ ಈ ಸಾಲು ಅರ್ಧ ಮಾತ್ರ ನಡೆದಂತೆ.

ಹಾಗಾದರೆ ರೋಗಿ ತನ್ನ ರೋಗವನ್ನು ಹೇಳಬೇಕು. ಹೇಳಿದರೆ ಕೆಲಸ ಹೋಗುತ್ತದೆ, ತಂಗಿಯ ಮದುವೆ ಮುರಿಯುತ್ತದೆ ಎಂದು ಬಚ್ಚಿಡುತ್ತಾನೆ. ಸರಿಯಾದ ಔಷಧ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ಕೆಲಸಕ್ಕೆ ಯಾವಾಗ ಮರಳಬಹುದೆಂದು ವೈದ್ಯರು ಹೇಳುತ್ತಾರೆ. ರೋಗ ಬಚ್ಚಿಟ್ಟು ಕೆಲಸ ಮಾಡುವವನಿಗಿಂತ ಔಷಧ ತೆಗೆದುಕೊಳ್ಳುತ್ತಿರುವವನು ಸುತ್ತಲಿನವರಿಗೆ ಎಷ್ಟೋ ಸುರಕ್ಷಿತ.

ಹೋಟೆಲ್ ಮಾಲೀಕರಲ್ಲಿ ನನ್ನ ವಿನಂತಿ: ಹುಡುಗನ ಜಾಗವನ್ನು ಬೇರೆಯವರಿಗೆ ಕೊಡಬೇಡಿ. ವೈದ್ಯರು ಕೆಲಸ ಬೇಡವೆಂದ ಅವಧಿಗೆ ಅವನಿಗೆ ಊಟವನ್ನೂ ಗಾಳಿಯಾಡುವ ಒಂದು ಕೋಣೆಯನ್ನೂ ಕೊಡಿ. ಡೊಂಬಿವಲಿ, ಕಲ್ಯಾಣ, ಠಾಣೆ, ವಾಶಿಯ ಕನ್ನಡ ಸಂಘಗಳಲ್ಲಿ ಇನ್ನೊಂದು: ನಿಕ್ಷಯ್ ಮಿತ್ರ ಯೋಜನೆಯಲ್ಲಿ ಸಂಘ ಸಂಸ್ಥೆಗಳು ರೋಗಿಗಳ ಆಹಾರದ ಹೊಣೆ ಹೊರಬಹುದು, ಈಗ ಅವರ ಮನೆಯವರದ್ದೂ. ನಿಮ್ಮ ಹತ್ತಿರದ ಪಾಲಿಕೆಯ ಕ್ಷಯ ಕಚೇರಿಯಲ್ಲಿ ಹೆಸರು ಬರೆಸಿ. ಎರಡು ವಾರ ಮೀರಿದ ಕೆಮ್ಮು ಯಾರಿಗಿದ್ದರೂ ಪಾಲಿಕೆಯ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಸಹಾಯವಾಣಿ 1800-11-6666, ಕರೆ ಉಚಿತ.